ಜೆಂಕಿನ್ಸ್‌ನಲ್ಲಿ ಆಂಡ್ರಾಯ್ಡ್ ಬಿಲ್ಡ್ ಅರ್ಧಕ್ಕೇ ಸಾಯುತ್ತಿದೆ, 8 ಜಿಬಿ ಸಾಲದೇ?

ಆ್ಯಪ್‌ಗಾರ:
ಎಲ್ಲರಿಗೂ ನಮಸ್ಕಾರ. ಐದು ಜನರ ತಂಡ, ಕೋಡ್ ಗಿಟ್‌ಹಬ್‌ನ ಪ್ರೈವೇಟ್ ರೆಪೊದಲ್ಲಿದೆ. ಆಫೀಸಿನ ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು 24.04 ಹಾಕಿ, ಕೋಡ್ ಬದಲಾದಾಗ ಆ್ಯಪನ್ನು ತಾನಾಗಿ ಬಿಲ್ಡ್ ಮಾಡುವ ಜೆಂಕಿನ್ಸ್‌ನ ಎಲ್‌ಟಿಎಸ್ (ದೀರ್ಘ ಬೆಂಬಲದ ಆವೃತ್ತಿ) ಇನ್‌ಸ್ಟಾಲ್ ಮಾಡಿದ್ದೇವೆ. 4 ಕೋರ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ಪ್ರಾಜೆಕ್ಟ್ ಕಾಟ್ಲಿನ್ ಭಾಷೆಯಲ್ಲಿದೆ, ಬಿಲ್ಡ್ ಮಾಡುವ ಟೂಲ್ ಗ್ರೇಡಲ್. ಅದರ ಪ್ರಾಪರ್ಟೀಸ್ ಫೈಲ್‌ನಲ್ಲಿ ಹೀಪ್ (ಜಾವಾ ಪ್ರೋಗ್ರಾಂ ಬಳಸುವ ಮೆಮೊರಿ) ಮಿತಿ 4 ಜಿಬಿ ಕೊಟ್ಟಿದ್ದೇವೆ.

ಒಂದೇ ಬಿಲ್ಡ್ ಓಡಿದರೆ ಸಾಮಾನ್ಯವಾಗಿ ಪಾಸ್. ಎರಡು ಬ್ರಾಂಚ್ ಒಟ್ಟಿಗೆ ಬಂದರೆ 'ಗ್ರೇಡಲ್ ಬಿಲ್ಡ್ ಡೀಮನ್ ಡಿಸಪಿಯರ್ಡ್ ಅನೆಕ್ಸ್‌ಪೆಕ್ಟೆಡ್ಲಿ' (ಹಿನ್ನೆಲೆಯಲ್ಲಿ ಓಡುವ ಗ್ರೇಡಲ್ ಪ್ರೊಸೆಸ್ ಏಕಾಏಕಿ ಮಾಯ) ಅಂತ ಬಂದು ನಿಲ್ಲುತ್ತದೆ, ಕೆಲವೊಮ್ಮೆ ಜೆಂಕಿನ್ಸೇ ಬಿದ್ದುಹೋಗುತ್ತದೆ. ಇಟಿಸಿ ಡಿಫಾಲ್ಟ್ ಒಳಗಿನ ಜೆಂಕಿನ್ಸ್ ಫೈಲ್‌ನಲ್ಲಿ ಮೆಮೊರಿ ಬದಲಾಯಿಸಿದರೂ ಏನೂ ಆಗುತ್ತಿಲ್ಲ. ಜೊತೆಗೆ ಗಿಟ್‌ಹಬ್‌ನ ವೆಬ್‌ಹುಕ್ (ಕೋಡ್ ಬದಲಾಯಿತೆಂದು ಅದು ಕಳಿಸುವ ಸೂಚನೆ) ಇಲ್ಲಿಗೆ ತಲುಪುತ್ತಿಲ್ಲ. ರೂಟರ್‌ನಲ್ಲಿ ಜೆಂಕಿನ್ಸ್‌ನ 8080 ಪೋರ್ಟ್ ತೆರೆದುಬಿಡಲೇ? 16 ಜಿಬಿಯ ಇನ್ನೊಂದು ಯಂತ್ರ ಕೇಳಿದರೆ ಸಿಗಬಹುದು, ಅದು ಬೇಕೇ ಬೇಕಾ?

ಗೂಬೆಕಣ್ಣು:
ಪೋರ್ಟ್ ಸದ್ಯಕ್ಕೆ ತೆರೆಯಬೇಡಿ. ಮೊದಲು ಕರ್ನಲ್ ಲಾಗ್ ನೋಡಿ. ಬಿಲ್ಡ್ ಸತ್ತ ಹೊತ್ತಿಗೆ ಸರಿಯಾಗಿ 'ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್' ಎಂಬ ಸಾಲು, ಜೊತೆಗೆ ಜಾವಾ ಎಂಬ ಹೆಸರು ಇದ್ದರೆ ಅನುಮಾನವೇ ಬೇಡ. ಕರ್ನಲ್ ಯಾವುದನ್ನು ಕೊಂದಿದೆ ಎಂಬುದನ್ನೂ ಗಮನಿಸಿ. ಸಾಮಾನ್ಯವಾಗಿ ಹೆಚ್ಚು ಮೆಮೊರಿ ತಿಂದ ಪ್ರೊಸೆಸ್‌ಗೇ ಮೊದಲ ಏಟು. ಹಾಗಾಗಿ ಒಮ್ಮೆ ಗ್ರೇಡಲ್, ಇನ್ನೊಮ್ಮೆ ಜೆಂಕಿನ್ಸ್.

ಲೆಕ್ಕ ಹಾಕಿ. ನೀವು ಕೊಟ್ಟ 4 ಜಿಬಿ ಗ್ರೇಡಲ್ ಡೀಮನ್‌ಗೆ ಮಾತ್ರ ಅಲ್ಲ. ಬೇರೆ ಹೇಳದಿದ್ದರೆ ಕಾಟ್ಲಿನ್ ಡೀಮನ್ ಕೂಡ ಅದೇ ಮಿತಿಯನ್ನು ಎತ್ತಿಕೊಳ್ಳುತ್ತದೆ. ಅಂದರೆ ಒಂದೇ ಬಿಲ್ಡ್ 8 ಜಿಬಿವರೆಗೆ ಬೆಳೆಯಬಹುದು, ಹೀಪ್‌ನ ಹೊರಗಿನ ಮೆಟಾಸ್ಪೇಸ್ ಬೇರೆ. ಜೆಂಕಿನ್ಸ್ ತಾನಾಗಿ ಎರಡು ಎಕ್ಸಿಕ್ಯೂಟರ್ ಇಟ್ಟುಕೊಂಡು ಬರುತ್ತದೆ, ಆದ್ದರಿಂದ ಎರಡು ಬಿಲ್ಡ್ ಒಟ್ಟಿಗೆ ಓಡುತ್ತವೆ. ಇದರ ಮೇಲೆ ಜೆಂಕಿನ್ಸನ್ನು ಓಡಿಸುವ ಜೆವಿಎಂಗೆ (ಜಾವಾ ಎಂಜಿನ್) ಮಿತಿ ಹೇಳಿಲ್ಲವೆಂದರೆ ಅದು ಯಂತ್ರದ ಮೆಮೊರಿಯ ಕಾಲುಭಾಗ, ಇಲ್ಲಿ 2 ಜಿಬಿ, ತನ್ನ ಮಿತಿ ಅಂದುಕೊಳ್ಳುತ್ತದೆ. ಮಿತಿ ಅಂದರೆ ಮೊದಲೇ ಹಿಡಿದಿಟ್ಟ ಜಾಗವಲ್ಲ, ನಿಜ. ಅದಕ್ಕೇ ಒಂದೇ ಬಿಲ್ಡ್ ಇದ್ದಾಗ ಹೇಗೋ ದಾಟಿಕೊಳ್ಳುತ್ತಿದೆ.

ಡಿಫಾಲ್ಟ್ ಫೈಲ್ ಬದಲಾಯಿಸಿದ್ದು ಯಾಕೆ ಫಲಿಸಲಿಲ್ಲ ಅಂದರೆ, 2.332.1 ಆವೃತ್ತಿಯಿಂದ, ಅಂದರೆ 2022ರಿಂದ, ಜೆಂಕಿನ್ಸ್ ಪ್ಯಾಕೇಜ್ ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ ಓಡುತ್ತದೆ, ಆ ಫೈಲನ್ನು ನೋಡುವುದೇ ಇಲ್ಲ. ಹಳೇ ಬ್ಲಾಗ್‌ಗಳು ಇನ್ನೂ ಆ ಫೈಲನ್ನೇ ತೋರಿಸುತ್ತವೆ. ಸಿಸ್ಟಮ್‌ಸಿಟಿಎಲ್ ಎಡಿಟ್ ಜೆಂಕಿನ್ಸ್ ಕೊಟ್ಟು, ತೆರೆದ ಫೈಲ್‌ನಲ್ಲಿ ಸರ್ವಿಸ್ ಎಂಬ ತಲೆಬರಹದ ಕೆಳಗೆ ಜಾವಾ ಆಪ್ಟ್ಸ್ ಎನ್ವಿರಾನ್‌ಮೆಂಟ್ ಸಾಲಿನಲ್ಲಿ ಹೀಪ್ ಮಿತಿ 1 ಜಿಬಿ ಬರೆದು ರೀಸ್ಟಾರ್ಟ್ ಮಾಡಿ. ಐದು ಜನರ ತಂಡಕ್ಕೆ ಅಷ್ಟು ಧಾರಾಳ.

16 ಜಿಬಿ ಯಂತ್ರ ಸಿಕ್ಕರೆ ಬಿಡಬೇಡಿ. ಅದನ್ನು ಏಜೆಂಟ್ (ಬಿಲ್ಡ್ ಓಡಿಸುವ ಯಂತ್ರ) ಮಾಡಿ, ಬಿಲ್ಡ್ ಎಲ್ಲ ಅಲ್ಲೇ. ಈ ಡೆಸ್ಕ್‌ಟಾಪ್ ಬರೀ ಕಂಟ್ರೋಲರ್ (ಕೆಲಸ ಹಂಚುವ ಯಂತ್ರ) ಆಗಿರಲಿ, ಅದರದ್ದೇ ಆದ ಬಿಲ್ಟ್-ಇನ್ ನೋಡ್‌ನ ಎಕ್ಸಿಕ್ಯೂಟರ್ ಸಂಖ್ಯೆ 0 ಮಾಡಿ. ಇದು ಮೆಮೊರಿಗಷ್ಟೇ ಅಲ್ಲ: ಕಂಟ್ರೋಲರ್ ಮೇಲೆ ಓಡುವ ಬಿಲ್ಡ್ ಸ್ಕ್ರಿಪ್ಟ್ ಜೆಂಕಿನ್ಸ್ ಯೂಸರ್ ಆಗಿಯೇ ಓಡುತ್ತದೆ, ಪಾಸ್‌ವರ್ಡ್ ಇಟ್ಟ ಫೈಲ್‌ಗಳನ್ನೂ ಓದಬಲ್ಲದು.

ತುಂಗಾತೀರ:
ಮೇಲಿನ ಲೆಕ್ಕ ಸರಿ. ಆದರೆ ಕರ್ನಲ್ ಲಾಗ್‌ನಲ್ಲಿ ಏನೂ ಸಿಗದಿದ್ದರೆ ಕಾರಣ ಬೇರೆ ಇದೆ. ಜಾಬ್ ಮುಗಿದಾಗ ಜೆಂಕಿನ್ಸ್ ಆ ಜಾಬ್ ಹುಟ್ಟಿಸಿದ ಪ್ರೊಸೆಸ್‌ಗಳನ್ನೆಲ್ಲ ಹುಡುಕಿ ಕೊಲ್ಲುತ್ತದೆ. ಗ್ರೇಡಲ್‌ಗೋ, ಖಾಲಿ ಕೂತ ಡೀಮನ್ ಕಂಡರೆ ಹೊಸದನ್ನು ಹುಟ್ಟಿಸದೆ ಅದನ್ನೇ ಬಳಸುವ ಅಭ್ಯಾಸ. ಮೊದಲ ಜಾಬ್ ಗ್ರೇಡಲ್ ಹಂತ ಮುಗಿಸಿ ಎಪಿಕೆ (ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಆರ್ಕೈವ್ ಮಾಡುತ್ತಿರುವಾಗ ಎರಡನೆಯ ಜಾಬ್ ಬಂದು ಆ ಡೀಮನ್ ಹಿಡಿಯುತ್ತದೆ. ಮೊದಲನೆಯದು ಮುಗಿದ ಕೂಡಲೇ ಡೀಮನ್ ಸಾಯುತ್ತದೆ, ಎರಡನೆಯದರ ಲಾಗ್‌ನಲ್ಲಿ ನೀವು ಬರೆದ ಅದೇ ಮೆಸೇಜ್. ಮೆಮೊರಿ ಎಷ್ಟು ಸುರಿದರೂ ಇದು ಹೋಗುವುದಿಲ್ಲ.

ಎರಡಕ್ಕೂ ಒಂದೇ ಮದ್ದು. ಗ್ರೇಡಲ್ ಕಮಾಂಡ್‌ಗೆ ನೋ-ಡೀಮನ್ ಆಯ್ಕೆ ಕೊಡಿ, ಕಾಟ್ಲಿನ್ ಕಂಪೈಲರ್‌ನ ಎಕ್ಸಿಕ್ಯೂಷನ್ ಸ್ಟ್ರಾಟೆಜಿಯನ್ನು ಇನ್-ಪ್ರೊಸೆಸ್ (ಗ್ರೇಡಲ್‌ನ ಪ್ರೊಸೆಸ್ ಒಳಗೇ ಓಡುವಂತೆ) ಮಾಡಿ. ಆಗ ಎರಡು ಹೀಪ್ ಬದಲು ಒಂದೇ, ಅದಕ್ಕೆ 3 ಜಿಬಿ ಕೊಟ್ಟು ನೋಡಿ. ಗ್ರೇಡಲ್‌ನ ವರ್ಕರ್ (ಒಟ್ಟೊಟ್ಟಿಗೆ ಓಡುವ ಕೆಲಸಗಳು) ಮಿತಿ 2ಕ್ಕೆ ಇಳಿಸಿ. ಇದನ್ನೆಲ್ಲ ರೆಪೊದೊಳಗೆ ಬರೆಯಬೇಡಿ, ಡೆವಲಪರ್‌ಗಳ ಲ್ಯಾಪ್‌ಟಾಪ್‌ನಲ್ಲೂ ಬಿಲ್ಡ್ ನಿಧಾನವಾಗಿ ಬೈಗುಳ ಬೀಳುತ್ತೆ. ಬಿಲ್ಡ್ ಓಡಿಸುವ ಯೂಸರ್‌ನ ಹೋಮ್ ಡೈರೆಕ್ಟರಿಯ ಡಾಟ್ ಗ್ರೇಡಲ್ ಫೋಲ್ಡರ್‌ನಲ್ಲೂ ಪ್ರಾಪರ್ಟೀಸ್ ಫೈಲ್ ಇಡಬಹುದು. ಪ್ರಾಜೆಕ್ಟ್‌ನ ಫೈಲ್‌ಗಿಂತ ಅದರ ಮಾತೇ ಮೇಲು.

ಸ್ಕ್ರಿಪ್ಟ್‌ಶೆಟ್ರು:
ಐದು ಜನಕ್ಕೆ ಜೆಂಕಿನ್ಸ್ ಯಾಕೆ ಸ್ವಾಮಿ? ಗಿಟ್‌ಹಬ್‌ನದ್ದೇ ಬಿಲ್ಡ್ ಸೇವೆ ಆ್ಯಕ್ಷನ್ಸ್‌ನ ಸೆಲ್ಫ್-ಹೋಸ್ಟೆಡ್ ರನ್ನರ್ (ನಿಮ್ಮ ಯಂತ್ರದಲ್ಲೇ ಬಿಲ್ಡ್ ಓಡಿಸುವ ಪ್ರೋಗ್ರಾಂ) ಹಾಕಿ. ಅದು ತಾನೇ ಹೊರಗೆ ಸಂಪರ್ಕ ಮಾಡಿ ಕೆಲಸ ಕೇಳುತ್ತದೆ, ಒಳಗೆ ಪೋರ್ಟ್ ತೆರೆಯುವ ಗೊಡವೆಯೇ ಇಲ್ಲ. ರೆಪೊ ಪ್ರೈವೇಟ್ ಇರೋದರಿಂದ ಸೇಫ್ ಕೂಡ. ಪಬ್ಲಿಕ್ ರೆಪೊಗೆ ಮಾತ್ರ ಬೇಡ, ಯಾರೋ ಕಳಿಸಿದ ಪುಲ್ ರಿಕ್ವೆಸ್ಟ್‌ನ ಕೋಡ್ ನಿಮ್ಮ ಆಫೀಸಿನ ಯಂತ್ರದಲ್ಲಿ ಓಡಿಬಿಡುತ್ತೆ.

ಆ್ಯಪ್‌ಗಾರ:
ಶೆಟ್ರೇ, ಟೆಸ್ಟ್ ಫೋನ್‌ಗಳಿಗೆ ಎಪಿಕೆ ತಳ್ಳುವ ಜಾಬ್‌ಗಳೆಲ್ಲ ಜೆಂಕಿನ್ಸ್‌ನಲ್ಲೇ ಇವೆ, ಸದ್ಯಕ್ಕೆ ಬದಲಾಯಿಸಲಾರೆವು. ಕರ್ನಲ್ ಲಾಗ್‌ನಲ್ಲಿ ಆ ಸಾಲು ಸಿಕ್ಕಿತು. 16 ಜಿಬಿ ಯಂತ್ರವೂ ಬಂತು. ಆದರೆ ಏಜೆಂಟ್ ಸೇರಿಸಲು ಹೋದರೆ ಹೋಸ್ಟ್ ಕೀ ವೆರಿಫಿಕೇಶನ್ ಫೇಲ್ ಅಂತಿದೆ, ನನ್ನ ಲಾಗಿನ್‌ನಿಂದ ಆ ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಸಲೀಸಾಗಿ ಆಗುತ್ತೆ.

ಗೂಬೆಕಣ್ಣು:
ನಿಮ್ಮ ಲಾಗಿನ್‌ನ ನೋನ್-ಹೋಸ್ಟ್ಸ್ ಫೈಲ್ (ಪರಿಚಿತ ಯಂತ್ರಗಳ ಕೀ ಪಟ್ಟಿ) ಜೆಂಕಿನ್ಸ್‌ಗೆ ಕಾಣುವುದಿಲ್ಲ. ಅದರ ಹೋಮ್ ಇರುವುದು ವಾರ್ ಲಿಬ್ ಜೆಂಕಿನ್ಸ್‌ನಲ್ಲಿ. ಸುಡೊ ಬಳಸಿ ಜೆಂಕಿನ್ಸ್ ಯೂಸರ್ ಆಗಿ ಒಮ್ಮೆ ಎಸ್‌ಎಸ್‌ಎಚ್ ಮಾಡಿ, ಫಿಂಗರ್‌ಪ್ರಿಂಟ್ ತಾಳೆ ನೋಡಿ ಯೆಸ್ ಕೊಡಿ. ವೆರಿಫಿಕೇಶನ್ನೇ ಬೇಡ ಎಂಬ ಆಯ್ಕೆ ಪಟ್ಟಿಯಲ್ಲಿದೆ, ಆ ಕಡೆ ಹೋಗಬೇಡಿ. ಏಜೆಂಟ್‌ನಲ್ಲೂ ಜಾವಾ ಬೇಕು. 2024ರಲ್ಲಿ ಬಂದ ಎಲ್‌ಟಿಎಸ್ 2.479.1ಕ್ಕೆ ಕನಿಷ್ಠ ಜಾವಾ 17 ಬೇಕಾಗಿತ್ತು, ನಿಮ್ಮ ಆವೃತ್ತಿಗೆ ಕನಿಷ್ಠ ಎಷ್ಟೆಂದು ನೋಡಿಕೊಳ್ಳಿ, ಅದು ಎರಡೂ ಕಡೆಗೆ ಅನ್ವಯ.

ಮುಂದಿನ ತಡೆ ಈಗಲೇ ಹೇಳಿಬಿಡುತ್ತೇನೆ: 'ಎಸ್‌ಡಿಕೆ ಲೊಕೇಶನ್ ನಾಟ್ ಫೌಂಡ್'. ಶೆಲ್‌ನ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ, ಎಸ್‌ಡಿಕೆ (ಆಂಡ್ರಾಯ್ಡ್ ಬಿಲ್ಡ್‌ಗೆ ಬೇಕಾದ ಟೂಲ್‌ಗಳು) ಎಲ್ಲಿದೆ ಎಂದು ಹೇಳುವ ಆಂಡ್ರಾಯ್ಡ್ ಹೋಮ್ ವೇರಿಯಬಲ್ ಬರೆದಿಟ್ಟರೂ ಬರುತ್ತದೆ. ಜೆಂಕಿನ್ಸ್ ಏಜೆಂಟನ್ನು ಇಂಟರಾಕ್ಟಿವ್ ಅಲ್ಲದ ಶೆಲ್‌ನಿಂದ ಎಬ್ಬಿಸುತ್ತದೆ, ಉಬುಂಟುವಿನ ಬ್ಯಾಶ್‌ಆರ್‌ಸಿ ಅಂಥ ಶೆಲ್ ಕಂಡರೆ ಆರಂಭದಲ್ಲೇ ಹಿಂದಿರುಗುತ್ತದೆ. ಆ ವೇರಿಯಬಲನ್ನು ನೋಡ್ ಕಾನ್ಫಿಗರೇಶನ್ ಪುಟದಲ್ಲೇ ಕೊಡಿ. ಎಸ್‌ಡಿಕೆ ಲೈಸೆನ್ಸ್‌ಗಳನ್ನೂ ಏಜೆಂಟ್‌ನ ಯೂಸರ್ ಆಗಿ ಒಪ್ಪಿರಬೇಕು. ಎಕ್ಸಿಕ್ಯೂಟರ್ ಒಂದರಿಂದ ಶುರುಮಾಡಿ, ನಾಲ್ಕು ದಿನ ಮೆಮೊರಿ ನೋಡಿ ಎರಡಕ್ಕೆ ಏರಿಸಿ.

ತುಂಗಾತೀರ:
ವೆಬ್‌ಹುಕ್ ಬಗ್ಗೆ. ಆಫೀಸಿನ ಒಳಗಿರುವ ಐಪಿಗೆ ಗಿಟ್‌ಹಬ್ ಬರಲಾರದು. ಪೋರ್ಟ್ ತೆರೆಯುವ ಆಸೆ ಇದ್ದರೆ ಜನವರಿ 2024ರ ಸಿವಿಇ-2024-23897 (ಭದ್ರತಾ ದೋಷಕ್ಕೆ ಕೊಟ್ಟ ಸಂಖ್ಯೆ) ಓದಿ. ಜೆಂಕಿನ್ಸ್‌ನ ಕಮಾಂಡ್ ಲೈನ್ ಮೂಲಕ ಹೊರಗಿನವರು ಕಂಟ್ರೋಲರ್‌ನ ಫೈಲ್ ಓದಬಹುದಾಗಿದ್ದ ತೂತು ಅದು. 2.442 ಮತ್ತು ಎಲ್‌ಟಿಎಸ್ 2.426.3ರಲ್ಲಿ ಮುಚ್ಚಿದರು. ನಿಮ್ಮ ಗಾತ್ರಕ್ಕೆ ಪೋಲಿಂಗ್ (ಜೆಂಕಿನ್ಸೇ ಆಗಾಗ ಗಿಟ್‌ಹಬ್ ನೋಡಿ ಬರುವುದು) ಸಾಕು. ಶೆಡ್ಯೂಲ್‌ನಲ್ಲಿ ನಿಮಿಷದ ಜಾಗಕ್ಕೆ ನಕ್ಷತ್ರ, ಓರೆಗೆರೆ, 5 ಬರೆಯುವ ಬದಲು ನಕ್ಷತ್ರದ ಜಾಗದಲ್ಲಿ ಎಚ್ ಅಕ್ಷರ ಹಾಕಿ, ಆಗ ಎಲ್ಲ ಜಾಬ್‌ಗಳೂ ಒಂದೇ ನಿಮಿಷಕ್ಕೆ ಎದ್ದು ಮುಗಿಬೀಳುವುದಿಲ್ಲ. ಮುಂದೆ ಎಂದಾದರೂ ವೆಬ್‌ಹುಕ್ ಹಾಕಿದರೆ ವಿಳಾಸದ ಕೊನೆಯ ಓರೆಗೆರೆ ಮರೆಯಬೇಡಿ.

ಸೈನಿಂಗ್ ಕೀಸ್ಟೋರ್ (ಆ್ಯಪ್‌ಗೆ ಸಹಿ ಹಾಕುವ ಕೀ ಇರುವ ಫೈಲ್) ರೆಪೊದಲ್ಲಿದ್ದರೆ ತೆಗೆದು ಜೆಂಕಿನ್ಸ್‌ನ ಸೀಕ್ರೆಟ್ ಫೈಲ್ ಆಗಿ ಇಡಿ. ಪೈಪ್‌ಲೈನ್ (ಬಿಲ್ಡ್ ಹಂತಗಳ ಸ್ಕ್ರಿಪ್ಟ್, ಗ್ರೂವಿ ಭಾಷೆಯದು) ಒಳಗಿನ ಶೆಲ್ ಸಾಲಿಗೆ ಒಂಟಿ ಉದ್ಧರಣ ಚಿಹ್ನೆಯನ್ನೇ ಬಳಸಿ. ಜೋಡಿ ಚಿಹ್ನೆ ಹಾಕಿದರೆ ಗ್ರೂವಿ ಪಾಸ್‌ವರ್ಡನ್ನು ಕಮಾಂಡ್‌ನೊಳಗೇ ತುಂಬಿಬಿಡುತ್ತದೆ, ಪ್ರೊಸೆಸ್ ಪಟ್ಟಿ ನೋಡಿದವರಿಗೆಲ್ಲ ಕಾಣುತ್ತದೆ.

256 ಜಿಬಿ ಬೇಗ ತುಂಬುತ್ತೆ. ಹಳೇ ಬಿಲ್ಡ್ 15, ಎಪಿಕೆ 3 ಉಳಿಸಿ ಮಿಕ್ಕದ್ದು ಅಳಿಸುವಂತೆ ಹೇಳಿ. ಜಾಗ 1 ಜಿಬಿಗಿಂತ ಕೆಳಗಿಳಿದರೆ ಜೆಂಕಿನ್ಸ್ ಆ ನೋಡನ್ನು ಆಫ್‌ಲೈನ್ ಮಾಡುತ್ತದೆ, ಬಿಲ್ಡ್‌ಗಳು ಸದ್ದಿಲ್ಲದೆ ಕ್ಯೂನಲ್ಲಿ ನಿಂತಿರುತ್ತವೆ. ಬ್ಯಾಕಪ್‌ಗೆ ವರ್ಕ್‌ಸ್ಪೇಸ್ ಬೇಡ. ಜಾಬ್‌ಗಳ ಕಾನ್ಫಿಗ್ ಫೈಲ್, ಕ್ರೆಡೆನ್ಶಿಯಲ್ಸ್ ಫೈಲ್, ಸೀಕ್ರೆಟ್ಸ್ ಫೋಲ್ಡರ್ ಮೂರೂ ಬೇಕು. ಸೀಕ್ರೆಟ್ಸ್ ಬಿಟ್ಟರೆ ಕ್ರೆಡೆನ್ಶಿಯಲ್ಸ್ ಫೈಲ್ ಇದ್ದೂ ಬಿಚ್ಚಲಾಗುವುದಿಲ್ಲ.