ಕಾಫಿ ಪೊಟ್ಟಣಕ್ಕೆ ಇಂಗ್ಲಿಷ್ ಘೋಷವಾಕ್ಯ: ಅನುವಾದ ಏಕೆ ಸಪ್ಪೆಯಾಗುತ್ತದೆ?

ಪ್ರಶ್ನೆ:
ಮೂಡಿಗೆರೆಯ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಈ ವರ್ಷ ನಾವೇ ಬೀಜ ಹುರಿದು ಪುಡಿ ಮಾಡಿ, ಹೋಂಸ್ಟೇಗಳಿಗೆ ಬರುವ ಹೊರರಾಜ್ಯದ ಹಾಗೂ ವಿದೇಶದ ಅತಿಥಿಗಳಿಗೆ ಮಾರಬೇಕೆಂದಿದ್ದೇವೆ. ‘ನಮ್ಮ ತೋಟದಿಂದ ನಿಮ್ಮ ಲೋಟಕ್ಕೆ’ ಎಂಬ ಕನ್ನಡದ ಸಾಲು ಮನೆಯವರಿಗೆಲ್ಲ ಹಿಡಿಸಿದೆ. ಅದನ್ನೇ ‘ಫ್ರಮ್ ಅವರ್ ಎಸ್ಟೇಟ್ ಟು ಯುವರ್ ಕಪ್’ ಎಂದು ಬರೆದರೆ ತಪ್ಪೂ ಕಾಣುವುದಿಲ್ಲ, ಜೀವವೂ ಕಾಣುವುದಿಲ್ಲ. ‘ವಿ ಆರ್ ಗಿವಿಂಗ್ ಬೆಸ್ಟ್ ಕ್ವಾಲಿಟಿ ಕಾಫಿ’ ಎಂಬುದು ನನ್ನ ಇನ್ನೊಂದು ಪ್ರಯತ್ನ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಎಲ್ಲಿ ಎಡವುತ್ತಿದ್ದೇನೆಂದು ತಿಳಿದವರು ಹೇಳಬೇಕು.

ಉತ್ತರ 1:
ನಿಮ್ಮ ಕನ್ನಡದ ಸಾಲಿನ ಜೀವ ಇರುವುದು ತೋಟ ಮತ್ತು ಲೋಟ ಎಂಬ ಪದಗಳ ಎರಡನೆಯ ಅಕ್ಷರ ಒಂದೇ ಆಗಿರುವುದರಲ್ಲಿ. ನಮ್ಮ ಹಳೆಯ ಕಾವ್ಯದ ಪ್ರಾಸವೂ ಎರಡನೆಯ ಅಕ್ಷರವನ್ನೇ ನೆಚ್ಚಿಕೊಂಡದ್ದರಿಂದ ನಮ್ಮ ಕಿವಿಗೆ ಅದು ಕೂಡಲೇ ಹಿಡಿಯುತ್ತದೆ. ಅನುವಾದದಲ್ಲಿ ಅರ್ಥ ದಾಟಿತು, ಪ್ರಾಸ ಈ ದಡದಲ್ಲೇ ಉಳಿಯಿತು. ಆದ್ದರಿಂದ ಅನುವಾದವನ್ನು ಬಿಟ್ಟು, ನಿಮ್ಮ ಕಾಫಿಯ ಬಗ್ಗೆ ನಿಜವಾಗಿರುವ ಒಂದು ಸಂಗತಿಯಿಂದ ಹೊಸದಾಗಿ ತೊಡಗಿರಿ. ಎರಡನೆಯ ಸಾಲಿನ ‘ಬೆಸ್ಟ್ ಕ್ವಾಲಿಟಿ’ಯನ್ನು ಸೋಪು, ಸಿಮೆಂಟು ಮಾರುವವರೂ ಬರೆದುಕೊಳ್ಳಬಹುದು, ‘ಆರ್ ಗಿವಿಂಗ್’ ಎಂಬುದಂತೂ ‘ಕೊಡುತ್ತಿದ್ದೇವೆ’ ಎಂಬುದರ ನೇರ ನೆರಳು. ನಿಮ್ಮ ಗಿಡಗಳು ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ನೆರಳಲ್ಲಿ ಬೆಳೆದು, ಹಣ್ಣು ಕಣದ ಬಿಸಿಲಲ್ಲಿ ಒಣಗುವುದಾದರೆ ‘ಗ್ರೋನ್ ಇನ್ ಶೇಡ್, ಡ್ರೈಡ್ ಇನ್ ಸನ್’ ಎನ್ನಬಹುದಲ್ಲವೇ?

ಉತ್ತರ 2:
ಮೇಲಿನ ಸಾಲು ಸೊಗಸಾಗಿದೆ, ಆದರೆ ಅದರಲ್ಲಿ ಇಂಗ್ಲಿಷಿನ ಎರಡು ‘ದ’ಗಳು (the) ಬಿಟ್ಟುಹೋಗಿವೆ. ಕನ್ನಡದಲ್ಲಿ ಅಂಥ ಪದವೇ ಇಲ್ಲದ ಕಾರಣ ಅದು ನಮಗೆ ಹೆಚ್ಚುವರಿ ಭಾರವೆನಿಸುತ್ತದೆ. ನಾವು ಅಕ್ಷರಗಳನ್ನು ಲಘು, ಗುರುಗಳಾಗಿ ಅಳೆದು ಮಾತ್ರೆಯ ಲೆಕ್ಕ ಹಿಡಿಯುತ್ತೇವೆ. ಇಂಗ್ಲಿಷಿನ ಲಯ ನಿಂತಿರುವುದು ಒತ್ತು ಬೀಳುವ ಪದಗಳ ಮೇಲೆ, ಮತ್ತು ನಡುವಿನ ಹಗುರ ಪದಗಳು ಆ ಒತ್ತನ್ನು ಎತ್ತಿಕೊಡುತ್ತವೆ. ‘ಗ್ರೋನ್ ಇನ್ ದ ಶೇಡ್, ಡ್ರೈಡ್ ಇನ್ ದ ಸನ್’ ಎಂದು ಮೇಜನ್ನು ತಟ್ಟುತ್ತ ಗಟ್ಟಿಯಾಗಿ ಓದಿ ನೋಡಿರಿ. ನಾಲ್ಕು ಪೆಟ್ಟುಗಳು ಸಮನಾಗಿ ಬೀಳುತ್ತವೆ. 1997ರಲ್ಲಿ ಆಪಲ್ ಕಂಪನಿ ‘ಥಿಂಕ್ ಡಿಫರೆಂಟ್ಲಿ’ ಎನ್ನುವ ಬದಲು ‘ಥಿಂಕ್ ಡಿಫರೆಂಟ್’ ಎಂದು ವ್ಯಾಕರಣವನ್ನು ಸಡಿಲಿಸಿದಾಗ ಅದು ಬೇಕೆಂದೇ ಮಾಡಿದ್ದೆಂದು ಓದುಗರು ಸುಲಭವಾಗಿ ನಂಬಿದರು. ನಮ್ಮಂಥವರ ಪೊಟ್ಟಣದ ಮೇಲಿನ ಸಡಿಲಿಕೆಯನ್ನು ತಪ್ಪೆಂದೇ ಓದುವವರು ಹೆಚ್ಚು. ಇದು ನ್ಯಾಯವಲ್ಲವಾದರೂ ಮಾರುವವರು ಗಮನದಲ್ಲಿ ಇಟ್ಟುಕೊಳ್ಳಬೇಕು.

ಉತ್ತರ 3:
ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಮುಲ್ ಬೆಣ್ಣೆಯ ‘ಅಟರ್ಲಿ ಬಟರ್ಲಿ ಡೆಲಿಷಿಯಸ್’ 1960ರ ದಶಕದಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ ಸಾಲು. ‘ಬಟರ್ಲಿ’ ಎಂಬುದು ಬೆಣ್ಣೆಯ ಹೆಸರಿನಿಂದ ಕಟ್ಟಿಕೊಂಡ ಪದವಾದರೂ, ಪಕ್ಕದ ‘ಅಟರ್ಲಿ’ಯೊಡನೆ ಅದರ ಪ್ರಾಸ ಎಷ್ಟು ಬಿಗಿಯಾಗಿದೆಯೆಂದರೆ ಅದು ತಪ್ಪೆಂದು ಅನ್ನಿಸುವುದೇ ಇಲ್ಲ. ಮುರಿದದ್ದು ಬೇಕೆಂದೇ ಎಂಬುದು ಸಾಲಿನೊಳಗೇ ಕಾಣುವಂತಿದ್ದರೆ ಬರೆದವರ ಮಾತೃಭಾಷೆ ಯಾವುದೆಂಬ ಪ್ರಶ್ನೆ ಏಳುವುದಿಲ್ಲ. ಮುದ್ರಣಕ್ಕೆ ಕೊಡುವ ಮೊದಲು ನಾಲ್ಕಾರು ಅತಿಥಿಗಳಿಗೆ ಸಾಲನ್ನು ತೋರಿಸಿ, ‘ಸರಿಯಿದೆಯೇ’ ಎಂದು ಕೇಳುವ ಬದಲು ‘ಏನು ಅರ್ಥವಾಯಿತು’ ಎಂದು ಕೇಳಿರಿ. ಮೊದಲನೆಯ ಪ್ರಶ್ನೆಗೆ ಸೌಜನ್ಯಕ್ಕಾಗಿ ಎಲ್ಲರೂ ಹೌದೆನ್ನುತ್ತಾರೆ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ನಮ್ಮ ಹಣ್ಣು ಕಣದಲ್ಲೇ ಒಣಗುತ್ತದೆ, ಆದುದರಿಂದ ಎರಡು ‘ದ’ಗಳಿರುವ ಸಾಲನ್ನು ಪೊಟ್ಟಣದ ಮುಂಭಾಗಕ್ಕೆ ಆರಿಸಿಕೊಂಡಿದ್ದೇನೆ; ತೋಟ, ಲೋಟದ ಸಾಲು ಕನ್ನಡದಲ್ಲಿಯೇ ಅದರ ಕೆಳಗೆ ಇರುತ್ತದೆ. ಈ ವಾರ ಬರುವ ಅತಿಥಿಗಳಿಗೆ ತೋರಿಸಿ, ಅವರು ಹೇಳಿದ ಅರ್ಥವನ್ನು ಇಲ್ಲಿ ಬರೆಯುತ್ತೇನೆ.