ಸರ್ಕಲ್ಲಿನ ಮಾಜಿ ಶಾಸಕರ ಮೂರ್ತಿ ವಾಲೈತಿ: ಪುರಸಭೆ ಠರಾವು ಒಂದೇ ಸಾಕೇನ್ರಿ?

(ಇದು ಪ್ರಶ್ನೋತ್ತರ; ಪ್ರತಿ ಮಾತಿನ ಮುಂದಿರುವುದು ಬರೆದವರ ಅಡ್ಡಹೆಸರು.)

ಬೆಟಗೇರಿ ಸೀರೆ: ನಮ್ಮದು ಗದಗ ಜಿಲ್ಲೆಯ ಒಂದು ಪುರಸಭೆ ಊರು. ಬಸ್ ಸ್ಟ್ಯಾಂಡ್ ಮುಂದಿನ ಸರ್ಕಲ್ಲಿನಲ್ಲಿ ದಿವಂಗತ ಶಾಸಕರೊಬ್ಬರ ಆಳೆತ್ತರದ ಕಂಚಿನ ಮೂರ್ತಿ. ಪೀಠ ರಸ್ತೆ ಕಡೆ ಎರಡು ಇಂಚು ವಾಲಿ, ಗ್ರಾನೈಟ್ ಹಾಸು ಬಿಟ್ಟುಕೊಂಡಿದೆ. ಅಲ್ಲೇ ಇನ್ನೂ ಎತ್ತರದ ಪೀಠ ಬೇಕು ಅಂತ ಒಂದು ಗುಂಪು, ಪರವಾನಗಿ ಇಲ್ಲದ್ದು, ತೆಗೀರಿ ಅಂತ ಇನ್ನೊಂದು. ಫಲಕದಲ್ಲಿ ‘ಊರ ಕೆರೆ ಕಟ್ಟಿಸಿದವರು’ ಎಂದಿದೆ. ಕೆರೆ ಅವರಿಗಿಂತ ಹಳೇದು ಅಂತ ಹಿರಿಯರ ತಕರಾರು. ಯಾವುದನ್ನು ಮೊದಲು ಹಿಡೀಬೇಕ್ರಿ?

ಉತಾರ: ಮೊದಲು ಕಾಗದ. ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಕೊಟ್ಟ ಆದೇಶ ಓದ್ರಿ. ಅದು ಹುಟ್ಟಿದ್ದೇ ಇಂಥ ಜಗಳದಿಂದ: ಕೇರಳದ ನೆಯ್ಯಾಟ್ಟಿಂಕರದಲ್ಲಿ ಹೆದ್ದಾರಿಯ ತ್ರಿಕೋನ ಕಟ್ಟೆ ಮೇಲೆ ರಾಜಕಾರಣಿ ಎನ್. ಸುಂದರನ್ ನಾಡಾರ್ ಅವರ ಮೂರ್ತಿಗೆ ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತ್ತು. ಇನ್ನು ಮುಂದೆ ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗದಲ್ಲಿ ಮೂರ್ತಿಗೆ ಅನುಮತಿ ಕೊಡಬಾರದು ಎಂದು ಕೋರ್ಟ್ ಹೇಳಿತು. ಬೀದಿದೀಪ, ಸಂಚಾರ, ರಸ್ತೆ ಸೌಂದರ್ಯೀಕರಣದಂಥ ಸಾರ್ವಜನಿಕ ಸೌಲಭ್ಯದ ಕೆಲಸಕ್ಕೆ ಮಾತ್ರ ವಿನಾಯಿತಿ. ಪುರಸಭೆ ಸಾಮಾನ್ಯ ಸಭೆಯ ಠರಾವು (ನಿರ್ಣಯ) ಇದನ್ನು ಮೀರಲಾರದು.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಮೂರು ಪ್ರತಿ ಕೇಳಿ: ಮೂಲ ಠರಾವು, ಸರ್ಕಾರದ ಮಂಜೂರಾತಿ, ಜಾಗದ ಸಿಟಿ ಸರ್ವೆ ಉತಾರ (ಜಾಗ ಯಾರದೆಂದು ತೋರಿಸುವ ದಾಖಲೆ). ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ರಸ್ತೆ ಲೋಕೋಪಯೋಗಿ ಇಲಾಖೆಯದಾದರೆ ಪುರಸಭೆಗೆ ಆ ಜಾಗ ಕೊಡುವ ಅಧಿಕಾರವೇ ಇಲ್ಲ. ಠರಾವು 2013ಕ್ಕಿಂತ ಹಿಂದಿನದಿದ್ದರೆ ದುರಸ್ತಿಗೆ ವಾದ ಮಾಡಬಹುದು. ಆದರೆ ‘ಇನ್ನೂ ಎತ್ತರದ ಪೀಠ’ ಅಂದರೆ ಹೊಸ ಕಟ್ಟಡವೆಂದೇ ಎಣಿಸುತ್ತಾರೆ, ಆ ಬಲೆಗೆ ಬೀಳಬೇಡಿ. ಮೂರ್ತಿಯನ್ನು ಯಾವುದಾದರೂ ಟ್ರಸ್ಟಿನ ಸ್ವಂತ ಜಾಗಕ್ಕೆ ಸಾಗಿಸುವುದೇ ನಿರಾಳ.

ಗರಸು: ವಾಲಿದ್ದಕ್ಕೆ ಎರೆ ಮಣ್ಣೇ ಕಾರಣ ಇರಬೇಕು. ಸರ್ಕಲ್ಲಿನ ಹುಲ್ಲಿಗೆ ನೀರು ಬಿಡುವ ಬದಿ ಮಣ್ಣು ಉಬ್ಬುತ್ತದೆ, ರಸ್ತೆ ಬದಿ ಒಣಗಿ ಕುಗ್ಗುತ್ತದೆ. ಹಗುರ ಪೀಠ ಒಣ ಬದಿಗೆ ವಾಲುತ್ತದೆ. ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿರುಕು. ಪಕ್ಕದಲ್ಲಿ ಗುಂಡಿ ತೋಡಿ ಗರಸು (ಎರೆ ಮಣ್ಣಿನ ಕೆಳಗಿನ ಗಟ್ಟಿ ಜಲ್ಲಿಮಣ್ಣು) ಎಷ್ಟು ಆಳಕ್ಕಿದೆ ನೋಡಿ, ಹೊಸ ಪಾಯ ಅಲ್ಲಿಗೆ ಮುಟ್ಟಲೇಬೇಕು. ಸುತ್ತ ಒಂದು ಮೀಟರ್ ಹೊರಗೆ ಇಳಿಜಾರಾದ ಕಟ್ಟೆ ಮಾಡಿ, ಹುಲ್ಲು ತೆಗೆಯಿರಿ.

ಎತ್ತುವ ಮುಂಚೆ ಮೂರ್ತಿಯ ಕಾಲು, ಮೊಣಕಾಲು, ಎದೆಗೆ ಗೆಣ್ಣಿನಿಂದ ಬಡಿದು ಕೇಳಿ. ಟಣ್ ಅಂದರೆ ಪೊಳ್ಳು, ದಬ್ ಅಂದರೆ ಒಳಗೆ ಕಾಂಕ್ರೀಟ್ ತುಂಬಿದ್ದಾರೆ. ಪೊಳ್ಳು ಕಂಚು 6 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಸುಮಾರು 53 ಕೆ.ಜಿ. ತೂಗುತ್ತದೆ, ಕಾಂಕ್ರೀಟ್ ಇದ್ದರೆ ಈ ಲೆಕ್ಕ ಬಿಡಿ, ದೊಡ್ಡ ಕ್ರೇನೇ ಬೇಕು. ಕುತ್ತಿಗೆಗೂ ಚಾಚಿದ ಕೈಗೂ ಹಗ್ಗ ಹಾಕಬೇಡಿ, ಬೆಸುಗೆ ಅಲ್ಲೇ ಬಿಡುವುದು. ಅಗಲ ಬೆಲ್ಟನ್ನು ಕಂಕುಳ ಕೆಳಗೆ ಹಾಕಿ, ಭಾರವನ್ನು ಪಾದದ ಅಡಿಯ ಲೋಹದ ಪಟ್ಟಿಯಲ್ಲಿ ಹಿಡಿಯಿರಿ. ಪಾದದ ಬಳಿ ಕಂದು ಕಲೆ ಇಳಿದಿದ್ದರೆ ಒಳಗಿನ ಕಬ್ಬಿಣದ ಬೋಲ್ಟು ತುಕ್ಕು ಹಿಡಿದಿದೆ. ಹೊಸದಕ್ಕೆ ಸ್ಟೇನ್‌ಲೆಸ್ ಬೋಲ್ಟು ಹಾಕಿ, ಪಾದದಲ್ಲಿ ನೀರು ಹೋಗಲು ತೂತು ಬಿಡಿ.

ಬೆಟಗೇರಿ ಸೀರೆ: ಬಡಿದು ನೋಡಿದೆವು, ಮೊಣಕಾಲ ತನಕ ದಬ್ ಅಂತೈತಿ, ಮೇಲೆ ಟಣ್. ಫಲಕದ ಮಾತು?

ದಫ್ತರ: 1997ರ ತನಕ ಗದಗ ಧಾರವಾಡ ಜಿಲ್ಲೆಯೊಳಗಿತ್ತು, ಹಾಗಾಗಿ ಹಳೆ ಕೆರೆ ದಫ್ತರ ಧಾರವಾಡದಲ್ಲೂ ಹುಡುಕಿ. 1952ರ ಚುನಾವಣೆಯಲ್ಲಿ ಗೆದ್ದವರಾಗಿದ್ದರೆ ಅವರು ಕೂತದ್ದು ಆಗಿನ ಮುಂಬಯಿ ರಾಜ್ಯದ ವಿಧಾನಸಭೆಯಲ್ಲಿ, ‘ಮೈಸೂರು ಶಾಸಕ’ ಎಂದು ಕೆತ್ತಬೇಡಿ. ಕೆರೆಗೆ 1884ರ ಧಾರವಾಡ ಜಿಲ್ಲಾ ಗೆಜೆಟಿಯರ್ (ಬ್ರಿಟಿಷರ ಕಾಲದ ಜಿಲ್ಲಾ ಮಾಹಿತಿ ಗ್ರಂಥ) ತೆಗೆದು ನೋಡಿ. ಕೆರೆ ಅದರಲ್ಲಿದ್ದರೆ ‘ಕಟ್ಟಿಸಿದವರು’ ಸುಳ್ಳು. ಇಲ್ಲದಿದ್ದರೆ ಅದೊಂದರಿಂದಲೇ ಏನೂ ಸಾಬೀತಾಗದು, ಸಣ್ಣ ಕೆರೆ ಬಿಟ್ಟುಹೋಗಿರಬಹುದು. ಅವರ ಕಾಲದ ಹೂಳೆತ್ತುವ ಕಾಮಗಾರಿ ಆದೇಶ ಸಿಕ್ಕರೆ ‘ಹೂಳೆತ್ತಿಸಿದವರು’ ಎಂದು ಇಸವಿ ಸಮೇತ ಬರೆಯಿರಿ. ಅದು ಕಡಿಮೆ ಗೌರವವೇನಲ್ಲ. ಅಕ್ಷರವನ್ನು ಪೀಠದ ಕಲ್ಲಿಗೆ ಕೆತ್ತದೆ ಬೇರೆ ಹಿತ್ತಾಳೆ ತಗಡಿಗೆ ಕೆತ್ತಿಸಿ, ನಾಲ್ಕು ಮೂಲೆಗೆ ಸ್ಕ್ರೂ ಹಾಕಿ. ನಾಳೆ ಬೇರೆ ದಾಖಲೆ ಸಿಕ್ಕರೆ ತಗಡು ಬದಲಿಸಿದರೆ ಆಯ್ತು, ಕಲ್ಲು ಒಡೆಯಬೇಕಿಲ್ಲ.