80 ಗಜದ ಜಿಂಕೆಗೆ ಯಾವ ತೋಟೆ?

ಟೆಕ್ಸಾಸ್‌ನ ಹಿಲ್ ಕಂಟ್ರಿಯಲ್ಲಿ ನಮ್ಮ ಬಂಡೀಪುರದ ಚುಕ್ಕೆ ಜಿಂಕೆ ಮಂದೆಮಂದೆಯಾಗಿ ಓಡಾಡಿಕೊಂಡಿದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. 1932ರಲ್ಲಿ ತಂದು ಬಿಟ್ಟದ್ದು. ಇಲ್ಲಿಯವರು ಅದನ್ನು ಆಕ್ಸಿಸ್ ಅನ್ನುತ್ತಾರೆ. ವೀಸಾ ಇಲ್ಲ, ಸ್ಟಾಂಪಿಂಗ್ ಇಲ್ಲ, ಗ್ರೀನ್ ಕಾರ್ಡಿನ ಸಾಲಿಲ್ಲ. ಬಂತು, ಮೇಯಿತು, ಬೇಲಿ ದಾಟಿತು, ಸಂಸಾರ ಬೆಳೆಸಿತು. ಈಗ ಇಲ್ಲಿನ ಬಿಳಿಬಾಲದ ಜಿಂಕೆಯ ಮೇವಿಗೂ ಬಾಯಿ ಹಾಕುತ್ತದೆ ಅನ್ನುವುದು ದೂರು. ಹೊರಗಿಂದ ಬಂದ ಪ್ರಾಣಿ ಅಂತ ಲೆಕ್ಕ, ಹಾಗಾಗಿ ಬಿಳಿಬಾಲದ ಜಿಂಕೆಗಿರುವಂತೆ ಇದಕ್ಕೆ ಬೇಟೆಯ ಸೀಸನ್ ಇಲ್ಲ. ಕೈಯಲ್ಲಿ ಲೈಸೆನ್ಸ್ ಇದ್ದು, ಜಮೀನಿನ ಯಜಮಾನ ಒಪ್ಪಿದರೆ ವರ್ಷವಿಡೀ ಹೊಡೆಯಬಹುದು.

ಇದು ನಮ್ಮ ಗೆಳೆಯ ಗುರುವಿನ ಕಿವಿಗೆ ಬಿದ್ದದ್ದೇ ಬಿದ್ದದ್ದು, ನಮ್ಮ ಶನಿವಾರಗಳು ಕೆಟ್ಟುಹೋದವು.

ಆಸ್ಟಿನ್ ಪಕ್ಕದಲ್ಲಿ ಶೆಟ್ರ ಮನೆ. ಹಿತ್ತಲಲ್ಲಿ ನಾಲ್ಕು ಕುರ್ಚಿ, ಒಂದು ಫ್ಯಾನು, ಕಾಫಿ, ಗೋಳಿಬಜೆ. ಕೊಡಗಿನ ಬೋಪಣ್ಣ ನಮ್ಮೆಲ್ಲರಿಗಿಂತ ದೊಡ್ಡವರು, ಇಲ್ಲಿಗೆ ಬಂದು ಯಾವುದೋ ಕಾಲವಾಯಿತು, ಸಿಟಿಜನ್ನೂ ಆಗಿದ್ದಾರೆ. ಶೆಟ್ರು ಕುಂದಾಪುರದವರು, ಹೊಡೆಯುವ ಆಸೆ ಇಲ್ಲ, ಬೇಯಿಸುವ ಆಸೆ ಜಾಸ್ತಿ. ನಾನು ಪುಳಿಚಾರು. ಗೋಳಿಬಜೆಗಾಗಿ ಹೋಗುವವನು. ಗುರು ಸಾಫ್ಟ್‌ವೇರಿನವನು, ಮಿಕ್ಸಿ ಕೊಳ್ಳುವುದಕ್ಕೂ ಎಕ್ಸೆಲ್ ಶೀಟ್ ಮಾಡುವ ಜಾತಿ. ಈ ಸಲ ಶೀಟಿನ ಹೆಸರು ‘ತೋಟೆ’.

"ಅಣ್ಣ, ಹತ್ತಕ್ಕೆ ಇಳಿಸಿದ್ದೀನಿ," ಅಂದ.

"ಹತ್ತು ಜಿಂಕೆಗಾ?" ಅಂದರು ಬೋಪಣ್ಣ.

"ಅಲ್ಲ, ಹತ್ತು ತೋಟೆಗೆ. 30-30, 30-06, .308, .270, .243, 6.5 ಕ್ರೀಡ್‌ಮೂರ್..."

ಶೆಟ್ರು ಬಾಣಲೆಯ ಕಡೆ ನೋಡುತ್ತಲೇ ಕೇಳಿದರು, "ಈ 30-30 ಅಂದ್ರೆ ಎಂತದು ಮಾರಾಯ?"

"ಮೊದಲ 30 ನಳಿಗೆಯ ಒಳಗಿನ ಅಡ್ಡಳತೆ, ಇಂಚಿನ ನೂರರಲ್ಲಿ 30 ಪಾಲು. ಎರಡನೇ 30 ಒಳಗೆ ತುಂಬುತ್ತಿದ್ದ ಮದ್ದಿನ ತೂಕ, 30 ಗ್ರೇನ್."

"ಹಾಗಾದ್ರೆ 30-06ರಲ್ಲಿ ಆರೇ ಗ್ರೇನ್ ಮದ್ದಾ?"

"ಅಲ್ಲ. ಅದು ಇಸವಿ. ಅಮೆರಿಕದ ಸೈನ್ಯ 1906ರಲ್ಲಿ ತಗೊಂಡಿದ್ದು."

".308 ಅಂದ್ರೆ 1908?"

"ಅಲ್ಲ, ಅದು ಗುಂಡಿನ ಅಡ್ಡಳತೆಯೇ. ತೋಟೆ ಬಂದಿದ್ದು 1952ರಲ್ಲಿ."

"30-06ರ ಗುಂಡು?"

"ಅದೂ .308."

"30-30ದು?"

"ಅದೂ .308."

"ಆ .270 ಆದ್ರೂ .270 ಉಂಟಾ?"

"ಇಲ್ಲ, ಅದು .277."

ಶೆಟ್ರು ಜಾಲರಿ ಸೌಟು ಕೆಳಗಿಟ್ಟರು. "ಇದು ಬೆಂಗಳೂರಿನ ಅಡ್ಡರಸ್ತೆ ನಂಬರ್ ಹಾಗೇ ಆಯ್ತಲ್ಲ. ಮೂರನೇ ಕ್ರಾಸ್ ಪಕ್ಕ ಹನ್ನೊಂದನೇದು."

ಬೋಪಣ್ಣ ನಕ್ಕರು. "ನಮ್ಮಲ್ಲಿ ಈ ತಲೆನೋವೇ ಇರಲಿಲ್ಲ. ಕೋವಿ ಅಂದ್ರೆ 12 ಬೋರು. ಒಂಟಿ ನಳಿಗೆಯೋ, ಜೋಡಿ ನಳಿಗೆಯೋ ಅಷ್ಟೇ ಪ್ರಶ್ನೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತೂ ಮುಗೀತು. ಈಗ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು, ಹೂವಿಟ್ಟು, ತೆಂಗಿನಕಾಯಿಗೆ ಗುರಿ ಇಡೋದು. ತೆಂಗಿನಕಾಯಿ ಓಡಲ್ಲ, ಅದೊಂದು ಅನುಕೂಲ."

ಗುರು ಶೀಟು ತಿರುಗಿಸಿದ. 6.5 ಕ್ರೀಡ್‌ಮೂರ್‌ಗೆ ಹಸಿರು ಬಣ್ಣ ಹಾಕಿದ್ದ. 2007ರಲ್ಲಿ ಹಾರ್ನಡಿ ಕಂಪನಿ ತಂದದ್ದು, ದೂರದ ಗುರಿ ಸ್ಪರ್ಧೆಗಾಗಿ ಮಾಡಿದ್ದು. ಹೊಡೆದಾಗ ಭುಜಕ್ಕೆ ಬೀಳುವ ಒದೆತ ಕಡಿಮೆ, ಗುಂಡು ಉದ್ದ ಮತ್ತು ಚೂಪು, ಗಾಳಿಗೆ ಅಷ್ಟು ಜಗ್ಗುವುದಿಲ್ಲ. "500 ಗಜದಲ್ಲಿ ಇದರ ಮುಂದೆ .308 ಸೋಲುತ್ತೆ," ಅಂದ, ತಾನೇ ಸೋಲಿಸಿದವನ ಹಾಗೆ.

"ನೀನು ಎಷ್ಟು ದೂರದಿಂದ ಹೊಡೀತೀಯ?" ಬೋಪಣ್ಣನ ಪ್ರಶ್ನೆ.

"ಕೆರ್‌ವಿಲ್ ಹತ್ತಿರದ ರ‍್ಯಾಂಚಿನವನಿಗೆ ಫೋನ್ ಮಾಡಿದ್ದೆ. ಮೆಕ್ಕೆಜೋಳ ಚೆಲ್ಲುವ ಫೀಡರ್‌ನಿಂದ ನಾವು ಅವಿತು ಕೂರುವ ಮರಸಿಗೆ 80 ಗಜ ಅಂತೆ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಟೈಮರ್ ಇಟ್ಟ ಯಂತ್ರ ಹೊತ್ತುಹೊತ್ತಿಗೆ ಜೋಳ ಚೆಲ್ಲುತ್ತದೆ, ಜಿಂಕೆ ಬಂದು ತಿನ್ನುತ್ತದೆ, ಡಬ್ಬದಂಥ ಗೂಡಿನಲ್ಲಿ ಕೂತವನು ಹೊಡೆಯುತ್ತಾನೆ. ಟೆಕ್ಸಾಸ್‌ನಲ್ಲಿ ಇದು ಕಾನೂನುಬದ್ಧ. ಊಟಕ್ಕೆ ಕರೆದು ಹೊಡೆಯುವುದು ನನಗೇನೋ ಸರಿ ಕಾಣುವುದಿಲ್ಲ, ಆದರೆ ಪುಳಿಚಾರಿನವನ ಅಭಿಪ್ರಾಯವನ್ನು ಆ ಹಿತ್ತಲಲ್ಲಿ ಯಾರೂ ಕೇಳುವುದಿಲ್ಲ.

"80 ಗಜಕ್ಕೆ ಆ ಶೀಟಿನಲ್ಲಿರೋ ಹತ್ತೂ ಸಾಕು," ಅಂದರು ಬೋಪಣ್ಣ. "ಮುಂಗಾಲಿನ ಹಿಂದೆ ಊಟದ ತಟ್ಟೆಯಷ್ಟು ಜಾಗ. ಹೃದಯ, ಶ್ವಾಸಕೋಶ ಎಲ್ಲಾ ಅಲ್ಲೇ. ಅಲ್ಲಿ ಬಿದ್ರೆ .243 ಕೂಡ ಸಾಕು, ಅದರ ಒದೆತ 30-06ರ ಅರ್ಧದಷ್ಟು. ಹೊಟ್ಟೆಗೆ ಬಿದ್ರೆ, ಮದ್ದು ಜಾಸ್ತಿ ಇರೋ ಮ್ಯಾಗ್ನಮ್ ತೋಟೆ ತಂದ್ರೂ ರಾತ್ರಿಯೆಲ್ಲಾ ಟಾರ್ಚ್ ಹಿಡಿದು ಹುಡುಕಬೇಕು. ಹೊಸಬರಿಗೆ ದೊಡ್ಡ ತೋಟೆ ಕೊಟ್ರೆ ಏನಾಗುತ್ತೆ ಗೊತ್ತಾ? ಒದೆತಕ್ಕೆ ಹೆದರಿ, ಟ್ರಿಗರ್ ಎಳೆಯೋ ಮೊದಲೇ ಕಣ್ಣು ಮುಚ್ತಾರೆ."

"ಆಕ್ಸಿಸ್ ಗಟ್ಟಿ ಪ್ರಾಣಿ ಅಂತಾರಲ್ಲ ಅಣ್ಣ?"

"ಬಿಳಿಬಾಲಕ್ಕಿಂತ ಗಟ್ಟಿ, ನಿಜ. ಆದ್ರೆ ಆನೆ ಅಲ್ಲ. ನೀನೇನು ಕಿಂಗ್ ರ‍್ಯಾಂಚಿಗೆ ನೀಲ್‌ಗಾಯ್ ಹೊಡೆಯೋಕೆ ಹೋಗ್ತಿದ್ದೀಯಾ? ಅದಕ್ಕಾದ್ರೆ .300 ಮ್ಯಾಗ್ನಮ್ ತಗೋ ಅಂತ ನಾನೇ ಹೇಳ್ತಿದ್ದೆ." (ಹೌದು, ನೀಲ್‌ಗಾಯ್ ಕೂಡ ಇಲ್ಲಿದೆ. ನಮ್ಮ ದೇಶದಿಂದ ಯಾರು ಯಾರು ಬಂದು ಸೆಟ್ಲ್ ಆಗಿದ್ದಾರೋ!)

ಈಗ ಶೆಟ್ರು ಅಡುಗೆಯವರ ಪರವಾಗಿ ಎದ್ದರು. ಅವರ ವೋಟು 30-30ಕ್ಕೆ. 1895ರ ತೋಟೆ, ನಿಧಾನದ ಗುಂಡು. ಹಗುರವಾದ ಗುಂಡು ಭಾರೀ ವೇಗದಲ್ಲಿ ಹತ್ತಿರದಿಂದ ಬಿದ್ದರೆ ಭುಜದ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಹಾಳಾಗುತ್ತದೆ, ಎಸೆಯಬೇಕಾಗುತ್ತದೆ. 30-30ಯಲ್ಲಿ ಆ ನಷ್ಟ ಕಡಿಮೆ. "ನನ್ನ ಘೀ ರೋಸ್ಟಿಗೆ ಭುಜ ಬೇಕು," ಅಂದರು.

"ಅದರ ಗುಂಡಿನ ಮೂತಿ ಚಪ್ಪಟೆ, ಶೆಟ್ರೆ," ಗುರು ಮುಖ ಸಿಂಡರಿಸಿದ. ಕಾರಣವೇನೋ ಇದೆ. 30-30 ಹಾಕುವ ಲಿವರ್ ಕೋವಿಗಳಲ್ಲಿ (ಕೆಳಗಿನ ಹಿಡಿ ಎಳೆದು ತೋಟೆ ಏರಿಸುವಂಥವು) ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಹಿಂದಿನದರ ಮೂತಿ ಮುಂದಿನದರ ಬುಡದಲ್ಲಿ ಮದ್ದು ಹೊತ್ತಿಸುವ ಕ್ಯಾಪಿಗೆ ತಾಗುತ್ತದೆ. ಮೂತಿ ಚೂಪಾಗಿದ್ದರೆ ಕೋವಿ ಒದ್ದಾಗ ಒಳಗೇ ಸಿಡಿಯಬಹುದು.

"ಚಪ್ಪಟೆ ಆದ್ರೆ ಎಂತ? ಜಿಂಕೆ ಮೂತಿ ನೋಡಿ ಸಾಯುದಾ?"

ತೋಟೆಯ ಗಲಾಟೆ ಅಷ್ಟಕ್ಕೆ ನಿಂತಿದ್ದರೆ ನಾನು ಎಂಟು ಗಂಟೆಗೆ ಮನೆ ಸೇರುತ್ತಿದ್ದೆ. ಗುರು ಎರಡನೇ ಶೀಟು ತೆಗೆದ. ಹೆಸರು ‘ನಳಿಗೆ’. 16 ಇಂಚಿನಿಂದ 26 ಇಂಚಿನವರೆಗೆ. 16ಕ್ಕಿಂತ ಗಿಡ್ಡವಾದರೆ 1934ರ ಫೆಡರಲ್ ಕಾನೂನಿನಲ್ಲಿ ಬೇರೆ ನೋಂದಣಿ ಬೇಕು, ಅದಕ್ಕೇ ಅಲ್ಲಿಂದ ಶುರು. ಅವನ ಮನಸ್ಸಿದ್ದದ್ದು 26ರ ಮೇಲೆ. "ನಳಿಗೆ ಉದ್ದ ಆದಷ್ಟೂ ವೇಗ ಜಾಸ್ತಿ. ಮಾಡೋದಾದ್ರೆ ಪೂರ್ತಿ ಮಾಡೋಣ ಅಂತ."

"ಎಷ್ಟು ಜಾಸ್ತಿ?"

".308ರಲ್ಲಿ 24 ಇಂಚಿನ ನಳಿಗೆ, 150 ಗ್ರೇನ್ ಗುಂಡು, ಸೆಕೆಂಡಿಗೆ 2820 ಅಡಿ. ಒಂದೊಂದು ಇಂಚು ಕಡಿಮೆಯಾದಂತೆ 20–25 ಅಡಿ ಹೋಗುತ್ತೆ."

"ಅಂದ್ರೆ 20 ಇಂಚಿಗೆ ಇಳಿದ್ರೆ ಹೆಚ್ಚೆಂದರೆ 100 ಅಡಿ. 2820 ಇದ್ದದ್ದು 2720. ಜಿಂಕೆಗೆ ಗೊತ್ತಾಗುತ್ತಾ?" ಬೋಪಣ್ಣ ಕಾಫಿ ಲೋಟ ಕೆಳಗಿಟ್ಟರು. "ಮ್ಯಾಗ್ನಮ್ ಆದ್ರೆ ನಿನ್ನ ಮಾತು ಸರಿ. ಅದರಲ್ಲಿ ನಿಧಾನ ಉರಿಯೋ ಮದ್ದು ರಾಶಿ ತುಂಬಿರ್ತಾರೆ, ಗಿಡ್ಡ ನಳಿಗೆ ಹಾಕಿದ್ರೆ ಅರ್ಧ ಹೊರಗೆ ಬೆಂಕಿಯಾಗಿ, ಸದ್ದಾಗಿ ಹೋಗುತ್ತೆ. ಅದಕ್ಕೆ 24, 26 ಬೇಕು. .270ಗೂ 22 ಇರಲಿ. .308 ಅಷ್ಟು ಹಟ ಮಾಡಲ್ಲ. ಅದಿರ್ಲಿ, ಒಂದು ಕೆಲಸ ಮಾಡು. ಶೆಟ್ರೆ, ಪೊರಕೆ ಕೊಡಿ."

ಶೆಟ್ರ ಹಿತ್ತಲಲ್ಲಿ ಮಕ್ಕಳು ಆಡುವ ಪ್ಲಾಸ್ಟಿಕ್ ಮನೆ ಇತ್ತು. ಗುರುವನ್ನು ಅದರೊಳಗೆ ಕೂರಿಸಿದರು. ಪೊರಕೆಯ ಕೋಲು ಕೈಗೆ ಕೊಟ್ಟರು. "ಇದೇ ಮರಸು, ಅದೇ ಕಿಟಕಿ. ಎಡಗಡೆ ಜಿಂಕೆ ಬಂತು. ತಿರುಗು."

ಗುರು ತಿರುಗಿದ. ಕೋಲು ಗೋಡೆಗೆ ಬಡಿಯಿತು, ಅಲ್ಲಿಂದ ಕಿಟಕಿಗೆ, ಅಲ್ಲಿಂದ ಅವನ ಕನ್ನಡಕಕ್ಕೆ. ಪಕ್ಕದ ಮನೆಯ ನಾಯಿ ಬೊಗಳಿತು.

"ಜಿಂಕೆ ಈಗ ಲ್ಯಾನೋ ಊರಲ್ಲಿ ಉಂಟು," ಅಂದರು ಶೆಟ್ರು.

ಪ್ಲಾಸ್ಟಿಕ್ ಬಾಗಿಲಿಂದ ಹೊರಗೆ ಬರುವ ಹೊತ್ತಿಗೆ ಗುರು 20 ಇಂಚಿಗೆ ಇಳಿದಿದ್ದ. ಬೋಪಣ್ಣ ಅವನ ಕೈಯಿಂದಲೇ ಶೀಟಿನಲ್ಲಿ ಒಂಬತ್ತು ಸಾಲು ಅಳಿಸಿ .308 ಒಂದನ್ನೇ ಉಳಿಸಿದರು. ಯಾಕೆ ಅಂದರೆ, ಟೆಕ್ಸಾಸ್‌ನ ಯಾವ ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ, ಅಷ್ಟೇ. ಮಿಕ್ಕದ್ದೆಲ್ಲ ಹರಟೆ ಅಂದರು. ಎರಡೂವರೆ ಗಂಟೆ ಹರಟಿದ ಮೇಲೆ ಹೇಳಿದರು ಅನ್ನುವುದು ಬೇರೆ ವಿಷಯ.

"ಹಾಗಾದ್ರೆ ಸೋಮವಾರ ಹೋಗಿ ತಗೊಂಡು ಬರ್ತೀನಿ," ಅಂದ ಗುರು.

"ನೀನು ಎಚ್1ಬಿ ಅಲ್ವಾ? ನಿನಗೆ ಕೊಡ್ತಾರಾ?" ನಾನು ಕೇಳಿದೆ. ಆ ಸಂಜೆ ನಾನಾಡಿದ ಮೊದಲ ಉಪಯೋಗದ ಮಾತು.

"ಕೊಡ್ತಾರೆ. ನಮ್ಮಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಆದ್ರೆ ಕಾನೂನಿನಲ್ಲೇ ಒಂದು ಕಿಂಡಿ ಇದೆ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ಆಗುತ್ತೆ. ನಾನು ಹಂಟರ್ ಎಜುಕೇಶನ್ ಕೂಡ ಪಾಸ್ ಮಾಡಿದ್ದೀನಿ."

"ಲೈಸೆನ್ಸ್ ಯಾವಾಗ ತಗೊಂಡೆ?" ಅಂದರು ಬೋಪಣ್ಣ.

"ಹೋದ ನವೆಂಬರ್‌ನಲ್ಲಿ. ಈ ಶೀಟು ಶುರು ಮಾಡಿದಾಗ."

"ಇವತ್ತು ಎಷ್ಟನೇ ತಾರೀಖು?"

"ಆಗಸ್ಟ್ 29."

"ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಯಾವ ತಿಂಗಳು ತಗೊಂಡ್ರೂ ಆಗಸ್ಟ್ 31ಕ್ಕೆ ಮುಗಿಯುತ್ತೆ ಗುರು. ಸೋಮವಾರ ಕೋವಿ ತಗೊಂಡ್ರೆ ಮಂಗಳವಾರ ನೀನು ಅಪರಾಧಿ."

ಗುರು ಏನೂ ಹೇಳಲಿಲ್ಲ. ಲ್ಯಾಪ್‌ಟಾಪ್ ತೆರೆದು ಇನ್ನೊಂದು ಕಾಲಂ ಸೇರಿಸತೊಡಗಿದ. ಶೆಟ್ರು ಕೋಳಿ ತರಲು ಕಾರಿನ ಕೀ ಹುಡುಕಲು ಹೋದರು.